ಮೇನ್ ಸ್ವಿಚ್ ಇಳಿಸಿದವನ ಹೆಸರು

ಪ್ರೇಮಲೀಲಾ ಎನ್ನುವ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಬೈಗುಳದ ಜೊತೆಯಲ್ಲಿ. 2005ನೇ ಇಸವಿಯ ಆಯುಧಪೂಜೆ, ಬೆಳಿಗ್ಗೆ ಹತ್ತೂವರೆ. ವಿದ್ಯಾರಣ್ಯಪುರಂ ಮುಖ್ಯರಸ್ತೆಯ ಅಮರೇಶನ ಕಂಪ್ಯೂಟರ್ ಅಂಗಡಿಗೆ ನಾನು ವರ್ತನೆ ಹೂವು ಕೊಡುತ್ತಿದ್ದೆ. ದಿನಾ ಒಂದು ಮೊಳ ಕಾಕಡ, ಸೋಮವಾರ ಎರಡು ಮೊಳ ಮಲ್ಲಿಗೆ. ಆಯುಧಪೂಜೆಗೆ ಮಾತ್ರ ಬುಟ್ಟಿ ತುಂಬ ಸೇವಂತಿಗೆ ಹಾರ. ನಮ್ಮ ಯಜಮಾನರು ಹೋದ ಮೇಲೆ ಹದಿನೇಳು ವರ್ಷದಿಂದ ಹೂವು ಕಟ್ಟಿಯೇ ಬದುಕಿದವಳು ನಾನು. ಓದಿದ್ದು ಮೂರನೇ ಕ್ಲಾಸು. ಓದುವುದೂ ನಿಧಾನ, ಬರೆಯುವುದೂ ನಿಧಾನ. ಆದರೆ ಕಂಡದ್ದು ಮರೆಯುವುದಿಲ್ಲ. ಆ ದಿನ ಯಾರು ಎಲ್ಲಿ ನಿಂತಿದ್ದರು, ಯಾರ ಕೈ ಎಲ್ಲಿತ್ತು, ಇವತ್ತು ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಅಂಗಡಿಯ ನಡುವೆ ಒಂದು ದೊಡ್ಡ ಕಂಪ್ಯೂಟರು ಇಟ್ಟಿದ್ದರು. ಊದುಬತ್ತಿ ಪಾಕೀಟಿಗೆ ಚಿತ್ರ ಬರೆಸಿ ಅಚ್ಚು ಹಾಕುವ ಸದಾಶಿವಯ್ಯನವರು ತರಿಸಿಕೊಂಡದ್ದು. ಅಂಥದ್ದೇ ಒಂದು ಅವರ ಪ್ರೆಸ್ಸಿನಲ್ಲಿ ಆಗಲೇ ಇತ್ತು, ಇದು ಅದರ ಜೋಡಿ. ವರ್ಕ್‌ಸ್ಟೇಷನ್ ಅನ್ನುತ್ತಾರೆ. ಮಾಮೂಲಿ ಕಂಪ್ಯೂಟರಿಗೆ ಒಂದು ತಲೆಯಾದರೆ ಇದಕ್ಕೆ ಎರಡು. ಒಳಗಿನ ಬೋರ್ಡು ನನ್ನ ಹೂವಿನ ಮೊರದ ಅಗಲ. ಮಾರನೆಯ ದಿನ ವಿಜಯದಶಮಿಗೆ ಅದು ಪ್ರೆಸ್ಸಿಗೆ ಹೋಗಬೇಕು. ಅಷ್ಟರೊಳಗೆ ಅಂಗಡಿಯಲ್ಲಿ ಪೂಜೆ, ಸದಾಶಿವಯ್ಯನವರೂ ಬಂದು ಕುರ್ಚಿಯಲ್ಲಿ ಕೂತಿದ್ದರು.

ಅದರ ಮುಂದೆ ಒಬ್ಬಳು ಕೂತು ಕೀಲಿ ಒತ್ತುತ್ತಿದ್ದಳು. ಮೂವತ್ತೈದರ ಮೇಲಿನ ವಯಸ್ಸು, ಸಣಕಲು ಮೈ, ಹೆಗಲ ಮೇಲೆ ಸ್ಕ್ರೂಡ್ರೈವರು ಒರೆಸುವ ಬಟ್ಟೆ. ಅಮರೇಶ ರೇಷ್ಮೆ ಪಂಚೆ ಉಟ್ಟು ಹಿಂದೆ ಮುಂದೆ ಓಡಾಡುತ್ತಿದ್ದ.

"ಆಯ್ತೇನಮ್ಮ? ಮಂಗಳಾರತಿ ಹೊತ್ತಿಗೆ ನನ್ನ ಹೆಸರು ಬರಬೇಕು."

"ಸಾರ್, ಇನ್ನೆರಡು ನಿಮಿಷ. ಯಾರೂ ಏನೂ ಮುಟ್ಟಬೇಡಿ. ಯುಪಿಎಸ್ಸೂ ಇಲ್ಲ."

ಕರೆಂಟು ಹೋದರೂ ಕಂಪ್ಯೂಟರು ಆರದಂತೆ ಕಾಯುವ ಆ ಯುಪಿಎಸ್ ಡಬ್ಬಿ ಎಲ್ಲಿತ್ತು ಎಂದರೆ, ಪೂಜೆಯ ಸಾಲಿನಲ್ಲಿ ವಿಭೂತಿ ಕುಂಕುಮ ಬಳಿಸಿಕೊಂಡು, ನಾನೇ ಹಾಕಿದ ಹಾರ ಹಾಕಿಕೊಂಡು ಕೂತಿತ್ತು. ಅದೂ ಆಯುಧವೇ ತಾನೆ? ವೈರು ಕಿತ್ತು ಅಲ್ಲಿಟ್ಟವನು ಅಮರೇಶ.

ಪೂಜೆಗೆ ಬಂದ ಅಯ್ನೋರು ಕರ್ಪೂರ ಹಚ್ಚಲು ಕಡ್ಡಿ ಗೀರುತ್ತ ಹೇಳಿದರು: "ಅದೇನಪ್ಪಾ ಗುಯ್ ಅಂತ ಇದೆ? ಪೂಜೆ ಹೊತ್ತಲ್ಲಿ ಆಯುಧ ಸುಮ್ನಿರಬೇಕು. ಆರಿಸ್ಬುಡಿ."

"ಎರಡೇ ನಿಮಿಷ ಸ್ವಾಮಿ," ಅಂದಳು ಅವಳು, ತಿರುಗಿ ನೋಡದೆ.

ಗಂಟೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಬಾಗಿಲ ಪಕ್ಕ ಮೀಟರ್ ಬೋರ್ಡಿನ ಕೆಳಗೆ ಬುಟ್ಟಿ ಹಿಡಿದು ನಿಂತಿದ್ದೆ. ಮೇನ್ ಸ್ವಿಚ್ಚಿನ ಹಿಡಿಗೂ ಒಂದು ಸೇವಂತಿಗೆ ಸಿಕ್ಕಿಸಿದ್ದೆ. ಅಮರೇಶ ನೆಟ್ಟಗೆ ಬಂದ, ಆ ಹೂವನ್ನು ಕೈಯಿಂದ ತಳ್ಳಿ ಹಿಡಿ ಕೆಳಗೆಳೆದ. ಹೂವು ನನ್ನ ಕಾಲ ಮೇಲೆ ಬಿತ್ತು. ಅಂಗಡಿಯ ಒಳಗೆಲ್ಲ ಮಬ್ಬುಗತ್ತಲು, ಆರತಿಯ ಬೆಳಕು ಮಾತ್ರ. ಆರತಿ ಮುಗಿಯುತ್ತಲೂ ಅವನೇ ಮತ್ತೆ ಹಿಡಿ ಮೇಲಕ್ಕೆತ್ತಿ, ಮೊದಲು ನಿಂತ ಜಾಗಕ್ಕೆ ಹೋಗಿ ಕೈ ಮುಗಿದು ನಿಂತ.

ಆಮೇಲೆ ಆ ಕಂಪ್ಯೂಟರು ಏಳಲಿಲ್ಲ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಸದಾಶಿವಯ್ಯನವರು ಕುರ್ಚಿಯಿಂದ ಎದ್ದರು. ಆಗ ಅಮರೇಶ ಅರಚಿದ್ದು: "ಪ್ರೇಮಲೀಲಾ! ಏನೇ ಮಾಡಿದ್ದೆ, ಮುಂಡೇದೇ? ಕರೆಂಟ್ ಹೋಗಿ ಬಂದಿದೆ, ಯುಪಿಎಸ್ ಇಲ್ದೆ ಬಯೋಸ್ ಮುಟ್ಟಿದೀಯಲ್ಲೇ! ಹೊಸಾ ಬೋರ್ಡು ಕೊಂದ್ಬುಟ್ಟೆಯಲ್ಲೇ!"

ಅವಳು ಏನೋ ಹೇಳಲು ಬಾಯಿ ತೆಗೆದಳು. ಅವನು ನನ್ನ ಕಡೆ ತಿರುಗಿದ. "ಮಂಜುಳಮ್ಮ, ನೀವು ಅಲ್ಲೇ ಇದ್ರಲ್ಲ. ಮಿಷನ್ ಮುಂದೆ ಕೂತಿದ್ದೋಳು ಯಾರು? ನಾನಾ, ಇವಳಾ?"

"ಈ ಹುಡುಗಿನೇ ಕಣಪ್ಪ," ಅಂದೆ.

ಸುಳ್ಳಲ್ಲ. ಕೇಳಿದ್ದಕ್ಕೆ ಉತ್ತರ. ಬಯೋಸ್ ಏನು, ಮೇನ್ ಸ್ವಿಚ್ಚಿಗೂ ಅದಕ್ಕೂ ಏನು ಸಂಬಂಧ, ನನಗೇನು ಗೊತ್ತು? ಬುಟ್ಟಿ ಎತ್ತಿಕೊಂಡು ಮುಂದಿನ ವರ್ತನೆ ಮನೆಗೆ ಹೋದೆ.

ಎರಡು ದಿನ ಬಿಟ್ಟು ಹೂವು ಕೊಡಲು ಹೋದಾಗ ಗಲ್ಲಾದ ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ಅಂಟಿಸಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ಚಿಕ್ಕಬಸವಯ್ಯನ ಮಗಳಾದ ಪ್ರೇಮಲೀಲಾ ಎಂಬ ನಾನು ನನ್ನ ಅಜಾಗರೂಕತೆಯಿಂದ ಗಿರಾಕಿಯ ಬೆಲೆಬಾಳುವ ಬೋರ್ಡನ್ನು ಹಾಳು ಮಾಡಿದ್ದೇನೆ. ಈ ಕೆಲಸಕ್ಕೆ ನಾನು ಯೋಗ್ಯಳಲ್ಲ ಎಂದು ಒಪ್ಪಿಕೊಳ್ಳುತ್ತೇನೆ." ಕೆಳಗೆ ಸಹಿ. ಬಂದ ಗಿರಾಕಿಗಳೆಲ್ಲ ಓದುತ್ತಿದ್ದರು. ಅಮರೇಶ ನಗುತ್ತಿದ್ದ: "ನಮ್ಮಲ್ಲಿ ತಪ್ಪು ಮಾಡಿದ್ರೆ ಇದೇ ಗತಿ ಕಣ್ರೀ. ಅದಕ್ಕೇ ನಮ್ಮ ಸರ್ವೀಸು ಕ್ಲೀನು."

ಮೂರು ತಿಂಗಳಾಯಿತು. ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಇತ್ತು, ಬಾಡಿಗೆಗಿದೆ ಎಂದು ಬಾಗಿಲಿಗೆ ಹಲಗೆ ತೂಗುಹಾಕಿದ್ದೆ. ಒಂದು ಮಧ್ಯಾಹ್ನ ಗಂಡಸರ ಸೈಕಲ್ಲು ತಳ್ಳಿಕೊಂಡು ಒಬ್ಬಳು ಬಂದಳು. ಹಿಂದಿನ ಕ್ಯಾರಿಯರಿನಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಅಗಲದ ಗಂಟು. ನನ್ನ ಮುಖ ಕಂಡದ್ದೇ ಸೈಕಲ್ಲು ಹಿಂದಕ್ಕೆ ತಿರುಗಿಸಿದಳು.

"ಯಾಕವ್ವ ಹೊರಟೆ?"

"ಸಾಕ್ಷಿ ಹೇಳಿದೋರ ಮನೇಲಿ ಹೇಗಿರಲಿ?"

"ನಾನೇನು ಹೇಳಿದೆ? ನೀನು ಕೂತಿದ್ದೆ, ಕೂತಿದ್ದೆ ಅಂದೆ. ಒಳಗೆ ಬಾ, ನೀರು ಕುಡಿ. ಆವತ್ತು ಏನಾಯ್ತು ಅಂತ ನನಗೆ ತಿಳಿಯೋ ಹಾಗೆ ಹೇಳು."

ಅವಳು ಜಗುಲಿಯ ಮೇಲೆ ಕೂತಳು. ನೀರು ಕುಡಿದು ಹೇಳಿದಳು: "ನೀವು ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡ್ತೀರ? ಬಾಗಿಲಿಗೆ ನೀರು ಹಾಕ್ತೀರ, ಒಲೆ ಹಚ್ತೀರ. ಯಾರೂ ಹೇಳಿಕೊಡಬೇಕಾಗಿಲ್ಲ. ಮಿಷನ್‌ಗೆ ಆ ನೆನಪು ಇರಲ್ಲ. ಎದ್ದ ತಕ್ಷಣ ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಒಂದು ಚಿಪ್ಪಲ್ಲಿ ಬರೆದಿಟ್ಟಿರ್ತಾರೆ. ಅದೇ ಬಯೋಸ್. ಅಮರೇಶ್ ಸಾರ್ ಏನು ಮಾಡ್ತಾರೆ, ಕಂಪನಿಯೋರು ಬರೆದದ್ದರ ಜೊತೆ ತಮ್ಮದೊಂದು ಬೀಗ ಸೇರಿಸಿ, ತಮ್ಮ ಹೆಸರು ಹಾಕಿ ಮತ್ತೆ ಬರೆಸ್ತಾರೆ. ಆಮೇಲೆ ಗಿರಾಕಿ ಒಳಗಿನ ಒಂದು ಸಾಮಾನು ಬದಲಾಯಿಸಿದ್ರೂ ಅದು ಗುಟ್ಟಿನ ಮಾತು ಕೇಳುತ್ತೆ. ಅವರನ್ನೇ ಕರೀಬೇಕು. ಆವತ್ತು ನನ್ನ ಕೈಲಿ ಅದನ್ನೇ ಬರೆಸ್ತಾ ಇದ್ರು. ಹಳೇದು ಅಳಿಸಿ ಹೊಸದು ಬರೀತಾ ಇರೋವಾಗ ಕರೆಂಟ್ ಹೋಯ್ತು. ಅರ್ಧ ಬರೆದ ಚಿಪ್ಪು. ಮಿಷನ್ ಎದ್ದರೆ ಏನು ಮಾಡಬೇಕು ಅನ್ನೋದೇ ಅದಕ್ಕೆ ಗೊತ್ತಿಲ್ಲ."

ನನ್ನ ಕಾಲ ಮೇಲೆ ಆ ಸೇವಂತಿಗೆ ಆಗ ಇನ್ನೊಂದು ಸಲ ಬಿದ್ದ ಹಾಗಾಯಿತು.

"ಕರೆಂಟ್ ಹೋಗಲಿಲ್ಲ ಕಣಮ್ಮ," ಅಂದೆ. "ಅವನೇ ಮೇನ್ ಸ್ವಿಚ್ ಇಳಿಸಿದ. ಅವನೇ ಎತ್ತಿದ. ನನ್ನ ಕಣ್ಣಾರೆ ಕಂಡಿದೀನಿ."

ಅವಳು ಲೋಟ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಎದ್ದು ಹೋಗಿ ಕ್ಯಾರಿಯರಿನಿಂದ ಗಂಟು ಇಳಿಸುತ್ತ ಕೇಳಿದಳು: "ಕೋಣೆಗೆ ಬೀಗ ಇದೆಯಾ ಅಮ್ಮ?"

ಅವಳ ಹಿಂದಿನ ಕಥೆ ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಅಪ್ಪ ಚಿಕ್ಕಬಸವಯ್ಯ ಶ್ರೀರಾಂಪುರದಲ್ಲಿ ಇನ್ನೂ ಹೊಲಗಳಿದ್ದ ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಹತ್ತನೇ ವಯಸ್ಸಿಗೆ ಮಗಳ ಕೈಗೆ ಬೆಸುಗೆ ಕಡ್ಡಿ ಕೊಟ್ಟಿದ್ದರಂತೆ. ಐಟಿಐ ಓದಿದಳು, ಕ್ಲಾಸಿನಲ್ಲಿ ಇವಳೊಬ್ಬಳೇ ಹೆಣ್ಣು. 1996ರಲ್ಲಿ ಅಮರೇಶನ ಅಂಗಡಿ ಸೇರಿದಳು. ನೋಡಲು ಬಂದ ಎರಡು ಗಂಡುಗಳೂ "ಮದುವೆ ಆದ ಮೇಲೆ ಕೆಲಸ ಬಿಡ್ತೀಯಾ?" ಎಂದು ಕೇಳಿದರು, ಇವಳು "ನೀವು ಬಿಡ್ತೀರಾ?" ಎಂದು ಕೇಳಿದಳು, ಅಲ್ಲಿಗೆ ಮುಗಿಯಿತು. ಕೆಲಸ ಮಾಡುವಾಗ ಕೆನ್ನೆಯಲ್ಲಿ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದಳು. ಸಿಟ್ಟು ಬಂದರೆ ಕಟುಂ ಅಂತ ಅದನ್ನು ಕಡಿಯುವುದು ಅಡಿಗೆಮನೆಗೂ ಕೇಳಿಸುತ್ತಿತ್ತು.

ಆ ಕಾಗದ ಯಾಕೆ ಬರೆದುಕೊಟ್ಟೆ ಎಂದು ಕೇಳಿದ್ದೆ. ಅವಳ ಐಟಿಐ ಸರ್ಟಿಫಿಕೇಟಿನ ಅಸಲು ಪ್ರತಿ ಕೆಲಸಕ್ಕೆ ಸೇರಿದ ದಿನದಿಂದ ಅಮರೇಶನ ಡ್ರಾಯರಿನಲ್ಲಿತ್ತು. ಬರೆದರೆ ಕೊಡುತ್ತೇನೆ, ಇಲ್ಲದಿದ್ದರೆ ಹರಿಯುತ್ತೇನೆ ಎಂದಿದ್ದ. ಅವನು ಹೇಳಿದ, ಇವಳು ಬರೆದಳು. ಹೊರಡುವಾಗ ಸತ್ತ ಬೋರ್ಡನ್ನು ಅವಳ ಮುಂದೆ ಎಸೆದು, "ನೀನು ಕೊಂದ ಹೆಣ ನೀನೇ ಹೊತ್ಕೊಂಡು ಹೋಗು" ಅಂದನಂತೆ. ಸೀರೆಯಲ್ಲಿ ಸುತ್ತಿ ತಂದ ಗಂಟು ಅದೇ. ಆಯುಧಪೂಜೆಯ ಕುಂಕುಮ ಇನ್ನೂ ಅದರ ಅಂಚಿಗೆ ಅಂಟಿತ್ತು.

"ಈ ಹೆಣ ಎಬ್ಬಿಸ್ತೀನಿ ಅಮ್ಮ," ಅಂದಳು. "ಆ ಕಾಗದವನ್ನ ಅವನ ಕೈಯಿಂದಲೇ ಕೀಳಿಸ್ತೀನಿ."

"ಕಂಪನಿಯೋರು ಬರೆದದ್ದೇ ಮತ್ತೆ ಹಾಕಿದ್ರೆ ಏಳಲ್ವಾ?"

"ಏಳುತ್ತೆ. ಅದು ಮುಚ್ಚಿದ ಡಬ್ಬಿ. ಒಳಗೇನಿದೆ ಅಂತ ನನಗೂ ಕಾಣಲ್ಲ, ನಿಮಗೂ ಕಾಣಲ್ಲ. ನಾಳೆ ಅವನೇ ಬಂದು ಮತ್ತೆ ಬೀಗ ಸೇರಿಸ್ತಾನೆ, ನಾನೇ ರಿಪೇರಿ ಮಾಡಿಸಿದ್ದು ಅಂತಾನೆ. ನನಗೆ ಬೇರೆ ಬೇಕು."

ಅವಳಿಗೆ ಬೇಕಾದದ್ದರ ಹೆಸರು ಲಿನಕ್ಸ್‌ಬಯೋಸ್. ದೇಶ ದೇಶದವರು ಕೂಡಿ ಬರೆದು, ಯಾರು ಬೇಕಾದರೂ ಓದಿ, ತಿದ್ದಿ, ಹಾಕಿಕೊಳ್ಳಿ ಎಂದು ಬಿಟ್ಟದ್ದು. ದಾರಿಯಲ್ಲಿ ಅರವಟ್ಟಿಗೆ ಇಟ್ಟ ಹಾಗೆ. ಆದರೆ ಆ ದೊಡ್ಡ ಬೋರ್ಡಿಗೆ ಅದನ್ನು ಹೊಂದಿಸಬೇಕಿತ್ತು. ಚಿಪ್ಪಿಗೆ ಬರೆಯುವ ಯಂತ್ರ ನಮ್ಮ ರಸ್ತೆಯಲ್ಲೇ ಇಬ್ಬರ ಹತ್ತಿರ ಇತ್ತು. ಇವಳಿಗೆ ಕೊಡಕೂಡದು ಎಂದು ಅಮರೇಶ ಇಬ್ಬರಿಗೂ ಹೇಳಿಟ್ಟಿದ್ದ. ಕಟುಂ, ಒಂದು ಲವಂಗ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕಂಪ್ಯೂಟರ್ ಸಾಮಾನು ಮಾರುವ ಎಸ್‌ಪಿ ರಸ್ತೆಯಲ್ಲಿ ಬರೆಸಿಕೊಂಡು ಸಂಜೆ ಬರುವಳು. ಹಾಕಿದರೆ ಪರದೆ ಕಪ್ಪು. ತಿದ್ದುವಳು, ಮತ್ತೆ ಹೋಗುವಳು. ಹೀಗೆ ಒಂಬತ್ತು ಸಲ. ಹೊಟ್ಟೆಪಾಡಿಗೆ ಸ್ಕೂಲ್ ಮಕ್ಕಳಿಗೆ ಪಾಠ ಹೇಳುವಳು, ಮಿಕ್ಸಿ ರೇಡಿಯೋ ರಿಪೇರಿ ಮಾಡುವಳು. ಮಿಕ್ಕ ಹೊತ್ತೆಲ್ಲ ಆ ಬೋರ್ಡಿನ ಮುಂದೆ.

ಬೋರ್ಡಿನ ಬೆನ್ನಿಗೆ ಒಂದು ವೈರು ಸಿಕ್ಕಿಸಿ ಇನ್ನೊಂದು ಹಳೇ ಕಂಪ್ಯೂಟರಿಗೆ ಕೊಟ್ಟಿದ್ದಳು. ಪರದೆಗೆ ಬರುವಷ್ಟು ಶಕ್ತಿ ಇಲ್ಲದಿದ್ದರೂ, ಅದು ಎಲ್ಲಿಯವರೆಗೆ ಎದ್ದಿತು ಎಂದು ಆ ವೈರಿನಲ್ಲಿ ಹೇಳುತ್ತದಂತೆ. ಹತ್ತನೇ ಚಿಪ್ಪಿನ ದಿನ ನಾನು ಜಗುಲಿಯಲ್ಲಿ ಕನಕಾಂಬರ ಕಟ್ಟುತ್ತಿದ್ದೆ. "ಅಮ್ಮಾ!" ಅಂತ ಕೂಗಿದಳು. ಹೋಗಿ ನೋಡಿದರೆ ಹಳೇ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬಿಳಿ ಅಕ್ಷರ.

"ಏನಂತೆ?"

"ಎದ್ದೆ, ಎರಡು ತಲೆಯೂ ಇದೆ, ನೆನಪು ಎಣಿಸ್ತಾ ಇದೀನಿ ಅಂತ ಹೇಳಿ ಅಲ್ಲೇ ನಿಂತ್ಬುಡ್ತು."

"ನಿಲ್ಲಲಿ ಬಿಡು. ಸತ್ತದ್ದು ಮಾತಾಡ್ತಲ್ಲ."

ಎಣಿಸುವುದರಲ್ಲಿ ಎಲ್ಲಿ ತಪ್ಪುತ್ತಿದೆ ಎಂದು ಸೈಬರ್ ಸೆಂಟರಿನಿಂದ ಆ ದೇಶ ದೇಶದವರಿಗೆ ಬರೆದಳು. ಮುಖ ಕಾಣದವನೊಬ್ಬ ಒಂದು ಅಂಕಿ ಬದಲಾಯಿಸಲು ಹೇಳಿದನಂತೆ. 2006ರ ಆಗಸ್ಟಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಅದು ಪೂರ್ತಿ ಎದ್ದಿತು. ಅಮರೇಶನ ಅಂಗಡಿಯಲ್ಲಿ ಅಂಥ ಮಿಷನ್ ಏಳಬೇಕಾದರೆ ನಾನು ಎರಡು ಮಾರು ಹೂವು ಕಟ್ಟಬಹುದಿತ್ತು. ಇದು ಮೂರು ಎಣಿಸುವುದರಲ್ಲಿ ಎದ್ದು ಕೂತಿತು.

ಇನ್ನು ಬೆಂಗಳೂರಿಗೆ ಹೋಗುವ ಕೆಲಸ ಇರಲಿಲ್ಲ. ಬೋರ್ಡು ಎದ್ದಿರುವಾಗಲೇ, ಕರೆಂಟು ಆರಿಸದೆ, ಬರೆದ ಚಿಪ್ಪನ್ನು ಕಿತ್ತು ಖಾಲಿ ಚಿಪ್ಪು ಕೂರಿಸಿದರೆ ಅದರ ಮೇಲೂ ಅದೇ ಬರೆದುಕೊಡುತ್ತದೆ. ಒಮ್ಮೆ ಎದ್ದ ಮೇಲೆ ಮಿಷನ್ನು ಚಿಪ್ಪಿನಲ್ಲಿ ಬರೆದ ಪಾಠ ನೋಡಬೇಕಾಗಿಲ್ಲವಲ್ಲ. ಆದರೆ ಚಿಪ್ಪು ಹುಣಸೆ ಬೀಜದಷ್ಟು. ನಾಲ್ಕು ಕಡೆಯೂ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಾಗೆ ಕರೆಂಟಿರುವಾಗ ಮೊದಲ ಸಲ ಅವಳು ಸಣ್ಣ ಸ್ಕ್ರೂಡ್ರೈವರಿನಲ್ಲಿ ಎತ್ತಲು ಹೋಗಿ ಗೂಡಿನ ಮೂಲೆ ಮುರಿದಳು. ಇನ್ನೊಂದು ಸಲ ಜಾರಿದರೆ ಬೋರ್ಡು ನಿಜವಾಗಿ ಸಾಯುತ್ತಿತ್ತು. ಲವಂಗದ ಡಬ್ಬಿ ಖಾಲಿಯಾಯಿತು.

ನಾನು ನೋಡುತ್ತಿದ್ದೆ. "ಅಡಿಗೆ ದಾರ ಹಾಕಿ ಕೂರಿಸು," ಅಂದೆ.

"ಏನು?"

ಹೂವು ಕಟ್ಟುವ ದಾರ ತಂದೆ. ಜುಂಗು ಬಿಡದ ಹಾಗೆ ಅದಕ್ಕೆ ಮೇಣದ ಬತ್ತಿ ತಿಕ್ಕಿದೆ. ಗೂಡಿನ ಮೇಲೆ ಅಡ್ಡಕ್ಕೆ ಇಟ್ಟು, ಅದರ ಮೇಲೆ ಚಿಪ್ಪು ಒತ್ತಿಸಿ, ಎರಡು ತುದಿಯನ್ನೂ ಮೇಲೆ ಕುಣಿಕೆ ಕಟ್ಟಿದೆ. ಕುಣಿಕೆಗೆ ಬೆರಳು ತೂರಿಸಿ ನೆಟ್ಟಗೆ ಎಳೆದರೆ ಮಲ್ಲಿಗೆ ಮೊಗ್ಗು ಬಿಡಿಸಿದ ಹಾಗೆ ಬಂತು. ಪ್ರೇಮಲೀಲಾ ನನ್ನ ಬೆರಳನ್ನೇ ನೋಡಿದಳು. ಆಮೇಲೆ ಎಳೆಯುವ ಕೆಲಸ ಯಾವಾಗಲೂ ನನ್ನದೇ.

ಮಾರನೆಯ ತಿಂಗಳು ದಸರೆಯ ಮುಂಚೆ ಸದಾಶಿವಯ್ಯನವರ ಪ್ರೆಸ್ಸಿಗೆ ಹೂವು ಕೊಡಲು ಹೋದರೆ ಅವರು ಕುದಿಯುತ್ತಿದ್ದರು. ಅವರ ಹತ್ತಿರ ಉಳಿದಿದ್ದ ಒಂದೇ ದೊಡ್ಡ ಮಿಷನ್ನಿಗೆ ಯಾರೋ ರ್‍ಯಾಮ್ ಅನ್ನುವ ನೆನಪಿನ ಪಟ್ಟಿ ಬದಲಾಯಿಸಿದ್ದರು. ಅದು ಗುಟ್ಟಿನ ಮಾತು ಕೇಳಿ ನಿಂತುಬಿಟ್ಟಿತ್ತು. ಅಮರೇಶ ಸಂಸಾರ ಕಟ್ಟಿಕೊಂಡು ಯಾತ್ರೆಗೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ. ಹಬ್ಬದ ಪಾಕೀಟಿನ ಕೆಲಸವೆಲ್ಲ ಅದರೊಳಗೆ.

"ನನ್ನ ಮನೆ ಬಾಗಿಲಿಗೆ ಅವನ ಬೀಗ ಕಣ್ರೀ ಮಂಜುಳಮ್ಮ! ನಾನು ಹೊರಗೆ ನಿಂತಿದೀನಿ!"

"ತೆಗೆಯೋರು ನಮ್ಮ ಮನೇಲಿದಾರೆ ಸದಾಶಿವಯ್ಯನೋರೇ. ಪ್ರೇಮಲೀಲಾ."

"ಆ ಕೊಲೆಗಾತಿನಾ? ಒಂದು ಕೊಂದದ್ದು ಸಾಲದು ಅಂತ ಇದನ್ನೂ ಕೊಡಲಾ?"

ಆಗ ಹೇಳಿದೆ. ಮೀಟರ್ ಬೋರ್ಡು, ಸೇವಂತಿಗೆ, ಅಮರೇಶನ ಕೈ, ಎಲ್ಲ. ಅವರು ಕನ್ನಡಕ ತೆಗೆದು ಕೇಳಿದರು.

"ಆವತ್ತೇ ಯಾಕೆ ಬಾಯಿ ಬಿಡಲಿಲ್ಲ?"

"ಯಾರು ಕೂತಿದ್ರು ಅಂತ ಕೇಳಿದ್ರು, ಹೇಳಿದೆ. ಸ್ವಿಚ್ ಇಳಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಅದು ಮುಖ್ಯ ಅಂತ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಅದಕ್ಕೇ ನಿದ್ದೆ ಇಲ್ಲ."

ಅವರು ಅರೆಮನಸ್ಸಿನಿಂದ ಒಪ್ಪಿದರು, ಒಂದು ಷರತ್ತು ಹಾಕಿ. "ಅವಳು ದೂರ ನಿಂತು ಹೇಳಲಿ. ನನ್ನ ಮಿಷನ್ ಮುಟ್ಟೋದು ನಿಮ್ಮ ಕೈ. ಹದಿನೈದು ವರ್ಷದಿಂದ ನೋಡಿದೀನಿ ಆ ಕೈಯ್ಯ."

ಮನೆಗೆ ಬಂದು ಹೇಳಿದೆ. ಕಟುಂ ಅನ್ನುತ್ತದೆ ಎಂದು ಕಾದೆ. ಅವಳು ನಕ್ಕಳು. ಆ ಮಧ್ಯಾಹ್ನವೆಲ್ಲ ಕೂತು ಚಿಪ್ಪಿನ ಪಾಠಕ್ಕೆ ಏನೋ ಒಂದು ಸಾಲು ಸೇರಿಸಿದಳು. ಸಂಜೆ ನನ್ನ ಹತ್ತಿರ ಬಂದು, "ಅಮ್ಮ, ನಿಮ್ಮ ಹೆಸರು ಹಾಕಲಾ?" ಅಂದಳು. ಎಲ್ಲಿಗೆ, ಯಾಕೆ ಎಂದು ಹೇಳಿದಳು. ಅಷ್ಟು ದೊಡ್ಡ ಮಿಷನ್ನು ಎದ್ದ ಕೂಡಲೇ ನನ್ನ ಹೆಸರು ಹೇಳುತ್ತದೆ ಎಂದರೆ ಹೆದರಿಕೆಯಾಯಿತು. ಹೆದರಿಕೆಗಿಂತ ಖುಷಿ ಜಾಸ್ತಿಯಾಯಿತು. "ಹಾಕು," ಅಂದೆ.

ಪ್ರೆಸ್ಸಿನಲ್ಲಿ ಅವಳು ಬಾಗಿಲಲ್ಲಿ ಕೈಕಟ್ಟಿ ನಿಂತು, "ಬ್ಯಾಟರಿ ಪಕ್ಕದ ಗೂಡು ಅಮ್ಮ. ಗುರುತಿನ ಚುಕ್ಕಿ ನಿಮ್ಮ ಕಡೆಗೆ ಬರಲಿ," ಅಂದಳು. ಮಿಷನ್ ಆರಿಸಿತ್ತು. ಅಮರೇಶನ ಚಿಪ್ಪಿನ ಅಡಿಗೆ ದಾರ ಇರಲಿಲ್ಲ, ಎರಡು ಮೂಲೆಯಿಂದ ಸೂಜಿಯಲ್ಲಿ ಕೂದಲೆಳೆಯಷ್ಟು ಎತ್ತಿ, ದಾರ ತೂರಿಸಿ ಎಳೆದೆ. ನಮ್ಮದನ್ನು ದಾರದ ಮೇಲೆ ಒತ್ತಿದೆ. ಸದಾಶಿವಯ್ಯನವರು ಸ್ವಿಚ್ ಹಾಕಿದರು. ಒಂದು, ಎರಡು, ಮೂರು. ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂದು ನಿಂತಿತು. ಕೀಲಿ ಒತ್ತುವವರೆಗೆ ಅದು ಹೋಗುವುದಿಲ್ಲ. ಅವರು ಅದನ್ನು ಮನಸ್ಸಿನಲ್ಲೇ ಓದಿಕೊಂಡರು. ಪ್ರೇಮಲೀಲಾಳ ಕಡೆ ನೋಡಿದರು.

"ಇದು ಬೇಡ ಅಂದ್ರೆ?"

"ಈಗಲೇ ತೆಗೀತೀನಿ ಸ್ವಾಮಿ. ನಿಮ್ಮ ಮಿಷನ್ನು. ಇದಕ್ಕೆ ಬೀಗ ಇಲ್ಲ."

ಅವರು ಗಡ್ಡ ಕೆರೆದುಕೊಂಡರು. "ಆಯುಧಪೂಜೆ ತನಕ ಇರ್ಲಿ. ಅಮರೇಶನ್ನ ಪೂಜೆಗೆ ಕರೀತೀನಿ."

ಕರೆದರು. ಅವನು ಅದೇ ರೇಷ್ಮೆ ಪಂಚೆ, ಹಣ್ಣಿನ ತಟ್ಟೆ. ಪ್ರೆಸ್ಸಿನ ಹತ್ತು ಜನ ಕೆಲಸದವರು, ಹೂವಿನ ಬುಟ್ಟಿ ಹಿಡಿದ ನಾನು, ನನ್ನ ಹಿಂದೆ ಪ್ರೇಮಲೀಲಾ. ಈ ಸಲ ಯುಪಿಎಸ್ಸಿಗೆ ಹಾರ ಹಾಕಿದ್ದು ಅದು ಇದ್ದ ಜಾಗದಲ್ಲೇ. ಮಂಗಳಾರತಿ ಮುಗಿಯಿತು. "ಹಾಕ್ರಪ್ಪಾ ಸ್ವಿಚ್ಚು," ಅಂದರು ಸದಾಶಿವಯ್ಯ.

ಒಂದು, ಎರಡು, ಮೂರು. ಸದಾಶಿವಯ್ಯನವರು ಪ್ರವಚನ ಹೇಳುವ ಹಾಗೆ ಗಟ್ಟಿಯಾಗಿ ಓದಿದರು: "ಹೋದ ಆಯುಧಪೂಜೆ ದಿನ ಮೇನ್ ಸ್ವಿಚ್ ಇಳಿಸಿದವನು ಅಮರೇಶ. ಕಂಡವಳು ಮಂಜುಳಮ್ಮ."

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅದು. ನನಗೆ ಓದಲು ಬರಲಿಲ್ಲ. ಅಮರೇಶನ ಮುಖ ಓದಲು ಬಂತು.

"ಏನ್ರೀ ಇದು ಸದಾಶಿವಯ್ಯನೋರೇ?"

"ಮಂಗಳಾರತಿ ಹೊತ್ತಿಗೆ ನಿಮ್ಮ ಹೆಸರು ಬರಬೇಕು ಅಂತಿದ್ರಲ್ಲ ಅಮರೇಶ್. ಬಂದಿದೆ ನೋಡಿ."

ಕೆಲಸದವರಲ್ಲಿ ಒಬ್ಬ ಕಿಸಕ್ಕೆಂದ. ಅಮರೇಶ ನನ್ನ ಮೇಲೆ ಬಿದ್ದ. "ಏನಮ್ಮ, ನನ್ನ ಅಂಗಡಿ ವರ್ತನೆ ಇಟ್ಕೊಂಡು ನನಗೇ ಬತ್ತಿ ಇಡ್ತೀಯಾ?"

"ಆವತ್ತು ಹೂವು ತಳ್ಳಿದ್ದು ನಿಮ್ಮ ಕೈಯಪ್ಪ. ಬಿದ್ದದ್ದು ನನ್ನ ಕಾಲ ಮೇಲೆ. ಅಷ್ಟೇ ಹೇಳಿದ್ದು."

ಹಣ್ಣಿನ ತಟ್ಟೆ ಅಲ್ಲೇ ಬಿಟ್ಟು ಹೋದ. ಆ ದಾಳಿಂಬೆ ಹಣ್ಣನ್ನು ನಾವಿಬ್ಬರೂ ತಂದು ತಿಂದೆವು. ಅಷ್ಟು ರುಚಿಯ ಹಣ್ಣು ನಾನು ತಿಂದಿಲ್ಲ.

ಆ ಸಾಲು ದಿನವೂ ಪ್ರೆಸ್ಸಿನಲ್ಲಿ ಬಂತು. ಊದುಬತ್ತಿಯವರು, ಕಾಗದದವರು, ಬಂದವರೆಲ್ಲ ಓದಿದರು. ನಾಲ್ಕನೇ ದಿನ ಬೆಳಿಗ್ಗೆ ಅಮರೇಶ ನಮ್ಮ ಮನೆಯ ಮುಂದೆ ಬಂದು ನಿಂತ. ಕೈಯಲ್ಲಿ ಆ ಪ್ಲಾಸ್ಟಿಕ್ ಕಾಗದ. ಅದರ ನಾಲ್ಕು ಮೂಲೆಗೂ ಗೋಡೆಯ ಸುಣ್ಣ ಅಂಟಿಕೊಂಡಿತ್ತು.

"ತಗೋ ನಿನ್ನ ಕಾಗದ. ಆ ಸಾಲು ತೆಗಿ."

ಪ್ರೇಮಲೀಲಾ ಬಾಗಿಲಿಂದ ಇಳಿಯಲಿಲ್ಲ. "ಓದಿ ಸಾರ್."

"ಏನು?"

"ನೀವೇ ಹೇಳಿ ಬರೆಸಿದ್ದು ತಾನೆ? ಓದಿ. ನನ್ನ ಹೆಸರಿರೋ ಕಡೆ ನಿಮ್ಮ ಹೆಸರು ಹಾಕ್ಕೊಂಡು, ನಮ್ಮಪ್ಪನ ಹೆಸರಿರೋ ಕಡೆ ನಿಮ್ಮಪ್ಪನ ಹೆಸರು ಹಾಕ್ಕೊಂಡು ಓದಿ. ಗಟ್ಟಿಯಾಗಿ. ಓದಿದ್ರೆ ಸಾಲು ತೆಗೀತೀನಿ."

ಹಾಲಿನವಳು ಕ್ಯಾನು ಇಳಿಸಿ ನಿಂತಳು. ಎದುರು ಮನೆಯವರು ರಂಗೋಲಿ ಬಿಟ್ಟು ಎದ್ದರು. ಅಮರೇಶ ಆಚೆ ಈಚೆ ನೋಡಿ ಗೊಣಗಿದ. "ಕೇಳಿಸ್ತಿಲ್ಲ ಕಣಪ್ಪ," ಅಂದೆ ನಾನು. ಮೊದಲಿಂದ ಓದಿದ. ಅಜಾಗರೂಕತೆಯಿಂದ ಎನ್ನುವ ಕಡೆ ನಾಲಿಗೆ ತಡವರಿಸಿತು. "ಈ ಕೆಲಸಕ್ಕೆ ನಾನು ಯೋಗ್ಯನಲ್ಲ" ಎನ್ನುವವರೆಗೂ ಪ್ರೇಮಲೀಲಾ ಬಿಡಲಿಲ್ಲ.

ಮಾತು ಕೊಟ್ಟಿದ್ದಳು, ನಡೆಸಿಕೊಂಡಳು. ಅವತ್ತೇ ಹೋಗಿ, ನನ್ನ ಕೈಯಿಂದಲೇ, ಆ ಸಾಲಿದ್ದ ಚಿಪ್ಪು ಎಳೆಸಿ, ಸಾಲಿಲ್ಲದ ಚಿಪ್ಪು ಕೂರಿಸಿದಳು. ಸದಾಶಿವಯ್ಯನವರಿಗೆ ಸ್ವಲ್ಪ ಬೇಜಾರೇ ಆಯಿತು. "ಬೆಳಿಗ್ಗೆ ಬೆಳಿಗ್ಗೆ ಓದೋಕೆ ಚೆನ್ನಾಗಿತ್ತು," ಅಂದರು. ಅಷ್ಟು ಹೊತ್ತಿಗೆ ಅವಳು ಮಿಷನ್ ಮುಟ್ಟಬಹುದು ಎನ್ನುವವರೂ ಅವರೇ ಆಗಿದ್ದರು.

ಅಲ್ಲಿಗೆ ಮುಗಿಸಬಹುದಿತ್ತು. ಅವಳು ಮುಗಿಸಲಿಲ್ಲ, ನಾನೂ ಮುಗಿಸು ಅನ್ನಲಿಲ್ಲ. ಅಮರೇಶನ ಬೀಗ ಬಿದ್ದ ಮಿಷನ್ನು ಊರಲ್ಲಿ ಎಲ್ಲೆಲ್ಲಿದೆ ಎಂದು ಅವಳಿಗೆ ಬಾಯಿಪಾಠ, ಒಂದೊಂದೂ ಅವಳ ಕೈಲೇ ಹಾಕಿಸಿದ್ದು. ನಮ್ಮೂರ ಹೆಬ್ಬಾಳದ ಕಾರ್ಖಾನೆ ಆಫೀಸು, ಫೋಟೋ ಸ್ಟುಡಿಯೋ, ಟ್ಯೂಷನ್ ಕ್ಲಾಸು. ಸೈಕಲ್ಲಿನಲ್ಲಿ ಹೋಗಿ ಕೇಳುವಳು: "ಬೀಗ ತೆಗೀಲಾ?" ಕೆಲವಕ್ಕೆ ದೇಶ ದೇಶದವರು ಬರೆದ ಆ ಬಯಲು ಪಾಠ ಹೊಂದುತ್ತಿತ್ತು. ಹೊಂದದ ಬೋರ್ಡಿಗೆ ಕಂಪನಿಯದನ್ನೇ ಬೀಗವಿಲ್ಲದೆ ಹಾಕಿಕೊಟ್ಟಳು. ಎರಡು ವರ್ಷದಲ್ಲಿ ಒಂದನ್ನೂ ಬಿಡಲಿಲ್ಲ. ಅಮರೇಶನನ್ನು ಯಾರೂ ಕರೆಯದಂತಾಯಿತು. ಅಂಗಡಿ ಅರ್ಧವಾಯಿತು, ಮೊಬೈಲಿನ ಕವರು ಮಾರತೊಡಗಿದ. ಪಾಪ ಎಂದು ನನಗೆ ಅನ್ನಿಸಿತೇ ಎಂದು ಕೇಳಿದರೆ, ಇಲ್ಲ. ಅವನ ಗೋಡೆಯ ಮೇಲೆ ಕಾಗದ ಕಿತ್ತ ಜಾಗ ಚೌಕವಾಗಿ ಬೆಳ್ಳಗೆ ಉಳಿದಿತ್ತು. ವರ್ತನೆ ಬಿಡಿಸಿದರೆ ಜನ ಇನ್ನೊಂದು ಮಾತಾಡುತ್ತಾರೆಂದು ಅವನು ಹೂವು ನಿಲ್ಲಿಸಿರಲಿಲ್ಲ. ಹೂವು ಕೊಡಲು ಹೋದಾಗ ದಿನಾ ಅದನ್ನು ಕಣ್ತುಂಬ ನೋಡಿಕೊಂಡು ಬರುತ್ತಿದ್ದೆ.

2009ರ ಶ್ರಾವಣದಲ್ಲಿ ಅವಳಿಗೆ ಕಾಮಾಲೆ ಹಿಡಿಯಿತು. ನಾಟಿ ಔಷಧಿ ಮಾಡಿಸಿದೆ, ಇಳಿಯಲಿಲ್ಲ, ಆಸ್ಪತ್ರೆಗೆ ಸೇರಿಸಿದೆ. ಸದಾಶಿವಯ್ಯನವರು ಬಂದು ನೋಡಿ ಹೋದರು. ಕಣ್ಣು, ಉಗುರು, ಎಲ್ಲ ಅರಿಸಿನ. ಮಂಗಳವಾರ ಸಂಜೆ ಗಂಜಿ ತೆಗೆದುಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು ಸಾಕೆಂದಳು. ಮಾತಿಗೆ ಮಾತು ಬಂದು, "ಆ ಅಮರೇಶನ ಅಂಗಡಿಗೆ ಇನ್ನು ಹೂವು ಕೊಡಲ್ಲ ಕಣಮ್ಮ. ಮಂಡಿ ನೋವು, ಆ ಮೆಟ್ಟಿಲು ಹತ್ತೋಕೆ ಆಗಲ್ಲ," ಅಂದೆ.

ಅವಳು ತಲೆದಿಂಬಿನ ಅಡಿಯಿಂದ ಒಂದು ಕುಂಕುಮದ ಡಬ್ಬಿ ತೆಗೆದು ನನ್ನ ಅಂಗೈಲಿಟ್ಟಳು. ಒಳಗೆ ಹುಣಸೆ ಬೀಜದಷ್ಟಿನ ಆ ಚಿಪ್ಪು. ಸಾಲಿದ್ದದ್ದು. ನಾನು ಕಟ್ಟಿದ ಕುಣಿಕೆ ಹಾಗೇ ಇತ್ತು, ಮೇಣ ಮಾತ್ರ ಹಳದಿಯಾಗಿತ್ತು.

"ಅವನ ಹತ್ತಿರ ಆ ಕಾಗದದ ಜೆರಾಕ್ಸ್ ಇರುತ್ತೆ ಅಮ್ಮ," ಅಂದಳು. ಉಸಿರು ಎಳೆದುಕೊಂಡು ಎಳೆದುಕೊಂಡು ಹೇಳಿದಳು. "ನಾನು ಹೋದೆ ಅಂತ ಗೊತ್ತಾದ ಮೇಲೆ ಮತ್ತೆ ಅಂಟಿಸಿದ್ರೂ ಅಂಟಿಸಿದನೇ. ಅಂಟಿಸಿದ್ರೆ ಇದನ್ನ ಸದಾಶಿವಯ್ಯನೋರ ಮಿಷನ್‌ಗೆ ಹಾಕ್ಬುಡಿ. ಚುಕ್ಕಿ ನಿಮ್ಮ ಕಡೆಗೆ. ಅವರಿಗೆ ಹೇಳಿದೀನಿ, ಬೇಡ ಅನ್ನಲ್ಲ."

"ಸರಿ ಕಣವ್ವ, ಮಲಕ್ಕೋ."

ಅವಳು ನನ್ನ ಕೈ ಬಿಡಲಿಲ್ಲ.

"ಹೂವು ನಿಲ್ಲಿಸಬೇಡಿ ಅಮ್ಮ. ಮಂಡಿ ನೋವಾದ್ರೂ ದಿನಾ ಹೋಗಿ. ಗೋಡೆ ನೋಡ್ಕೊಂಡು ಬನ್ನಿ."